ತಪ್ಪುಗಳ ಪಟ್ಟಿ ಕೊಟ್ಟು ಕಾರು ಮಾರುತ್ತಿದ್ದ ನಂಜುಂಡಯ್ಯ

ನಂಜುಂಡಯ್ಯನವರು ಯಾರ ಮನೆಗೆ ಹೋದರೂ ಮೊದಲು ಊಟದ ಮೇಜಿನ ಅಡಿಗೆ ಕೈ ಹಾಕುತ್ತಿದ್ದರು. ಮೇಲಿನ ಪಾಲಿಶು, ಹಾಸು, ಹೂದಾನಿ ಯಾವುದೂ ಅವರಿಗೆ ಬೇಕಿರಲಿಲ್ಲ. ಕಾಲೂ ಹಲಗೆಯೂ ಕೂಡುವ ಜಾಗದಲ್ಲಿ ಹೆಬ್ಬೆರಳಿನ ಉಗುರನ್ನು ಒಂದು ಸಲ ಓಡಿಸಿ ‘ಹ್ಞೂಂ’ ಎಂದರೆ ಮೇಜು ಪಾಸು. ‘ಅಯ್ಯೋ ಪಾಪ’ ಎಂದರೆ ಫೇಲು. ನಮ್ಮ ಮೇಜಿಗೆ ಮೊದಲ ಭೇಟಿಯಲ್ಲೇ ‘ಅಯ್ಯೋ ಪಾಪ’ ಸಿಕ್ಕಿತು. ನಾವು ಜಾರ್ಜಿಯಾದ ಲಾರೆನ್ಸ್‌ವಿಲ್‌ಗೆ ಬಂದು ಆಗಿನ್ನೂ ಮೂರು ವಾರ. ಅಮೆರಿಕದಲ್ಲಿ ನಾನು ಆಸೆಪಟ್ಟು ಕೊಂಡ ಮೊದಲ ಸಾಮಾನು ಅದು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನಿಗೆ ಇನ್ನೊಂದು ಸಲ ಕಾಫಿ ಕೊಟ್ಟರೆ ಕೇಳು ಎಂದು ಗಂಡನ ಹತ್ತಿರ ಹೇಳಿಯೂ ಹೇಳಿದೆ. ಮಾರನೆಯ ಬೆಳಿಗ್ಗೆ ಅದೇ ಮನುಷ್ಯ ನಾಲ್ಕು ಉಕ್ಕಿನ ಪಟ್ಟಿ, ಒಂದು ಡ್ರಿಲ್ಲು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು, ಮೇಜಿನ ಕೆಳಗೆ ನುಸುಳಿ ಅರ್ಧ ಗಂಟೆ ಕೆಲಸ ಮಾಡಿ, ನಾನು ಕೊಟ್ಟ ಕಾಫಿ ಕುಡಿದು ಹೋದರು.

ಅವರ ಮನೆ ನಮ್ಮ ಎದುರಿಗೇ. ಹೆಂಡತಿ ಡಾಕ್ಟರ್ ಕಮಲಾ, ಮಕ್ಕಳ ವೈದ್ಯೆ, ಎಪ್ಪತ್ತರ ದಶಕದಲ್ಲೇ ಬಂದು ನೆಲೆಯೂರಿದವರು. ನಂಜುಂಡಯ್ಯ ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಪಳಗಿದವರು. ಹೆಂಡತಿಯ ಜೊತೆ ಬಂದು, ಜಾರ್ಜಿಯಾದ ಒಂದು ಕಾರ್ಪೆಟ್ ಗಿರಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದು, ನಾವು ಬರುವ ಹೊತ್ತಿಗೆ ನಿವೃತ್ತರಾಗಿದ್ದರು. ತೊಂಬತ್ತರ ದಶಕದ ನಡುಭಾಗ ಅದು. ವಾರಾಂತ್ಯದಲ್ಲಿ ನಮ್ಮ ಜನ ಸೇರಿದರೆ ಗ್ರೀನ್ ಕಾರ್ಡು, ಹತ್ತಿರದ ಕಮ್ಮಿಂಗ್ ಊರಿನ ಕಡೆ ಏಳುತ್ತಿರುವ ಹೊಸ ಮನೆಗಳು, ಅಲ್ಲಿನ ಶಾಲೆಗಳು, ಇಷ್ಟೇ ಮಾತು. ಇವರು ಒಂದು ಕಡೆ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡುತ್ತ ಕೂತಿರುತ್ತಿದ್ದರು.

ನನ್ನ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಗಂಡ ಆಫೀಸಿಗೆ ಹೊರಟ ಮೇಲೆ ಗೋಡೆ ನೋಡಿ ನೋಡಿ ತಲೆ ಚಿಟ್ಟುಹಿಡಿದು, ಎದುರುಮನೆಯ ಗರಾಜು ತೆರೆದಿದ್ದರೆ ಹೋಗಿ ಪೇಂಟ್ ಡಬ್ಬದ ಮೇಲೆ ಕೂರುತ್ತಿದ್ದೆ. ಮಾತು ನನ್ನದು, ಹ್ಞೂಂಗುಟ್ಟುವುದು ಅವರದು. ಆ ಗರಾಜಿನಲ್ಲಿ ಅವರು ಕಾರು ಕಟ್ಟುತ್ತಿದ್ದರು. ಕಿಟ್ ಕಾರು ಅಂತಾರೆ ಅದಕ್ಕೆ. ಚೌಕಟ್ಟು, ಫೈಬರ್‌ಗ್ಲಾಸಿನ ಮೈ, ಸಾವಿರಾರು ನಟ್ಟು ಬೋಲ್ಟು ಪೆಟ್ಟಿಗೆಗಳಲ್ಲಿ ಬಂದಿಳಿಯುತ್ತವೆ. ಎಂಜಿನ್ನು, ಗೇರು ಎಲ್ಲ ಹಳೆಯ ಕಾರೊಂದರಿಂದ ಕಿತ್ತು ಕೂರಿಸಿಕೊಳ್ಳಬೇಕು. ಎಲ್ಲ ಮುಗಿದರೆ ಹಳೇ ಕಾಲದ ರೇಸ್ ಕಾರಿನಂಥದ್ದೊಂದು ತಯಾರಾಗುತ್ತದೆ. ಎರಡೇ ಸೀಟು, ಮೇಲೆ ಚಾವಣಿಯಿಲ್ಲ, ಕೂತರೆ ರಸ್ತೆಯ ಮೇಲೇ ಕೂತ ಹಾಗೆ. ಒಂದೊಂದಕ್ಕೂ ಅವರು ಒಂದೂವರೆ ವರ್ಷ ಬೆವರು ಸುರಿಸುತ್ತಿದ್ದರು. ಮುಗಿದ ತಿಂಗಳಲ್ಲೇ ಮಾರಿಬಿಡುತ್ತಿದ್ದರು.

ಏಕೆ ಮಾರುತ್ತಾರೆ ಎನ್ನುವುದು ನಮ್ಮವರಿಗೆಲ್ಲ ದೊಡ್ಡ ಪ್ರಶ್ನೆ. ಕಮಲಾ ಆಂಟಿ ಬೈದಿರಬೇಕು ಎಂದರು ಕೆಲವರು. ಕಟ್ಟುವವರೆಗೆ ಹುಚ್ಚು, ಆಮೇಲೆ ಬೇಜಾರು ಎಂದರು ಕೆಲವರು. ಅವರನ್ನೇ ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಒಬ್ಬರಿಗೆ ಸೊಂಟ ನೋವು, ಒಳಗೆ ಕೂತರೆ ಏಳಲಾಗುವುದಿಲ್ಲ ಎಂದರು. ಇನ್ನೊಬ್ಬರಿಗೆ ಜಾರ್ಜಿಯಾದ ಬಿಸಿಲಲ್ಲಿ ಎಸಿ ಇಲ್ಲದ ಕಾರು ಯಾರಿಗೆ ಬೇಕು ಎಂದರು. ಮತ್ತೊಬ್ಬರಿಗೆ ಇರುವುದೊಂದೇ ಗರಾಜು, ಇದು ಹೋಗದೆ ಮುಂದಿನದಕ್ಕೆ ಜಾಗ ಎಲ್ಲಿ ಎಂದರು. ಇದ್ಯಾವುದೂ ಸುಳ್ಳಲ್ಲ. ನಾನು ಬಿಡಲಿಲ್ಲ, ದಿನಾ ಪೀಡಿಸಿದೆ. ಕೊನೆಗೊಂದು ದಿನ ಚೌಕಟ್ಟಿನ ಕೆಳಗೆ ಮಲಗಿದ್ದವರು ಅಲ್ಲಿಂದಲೇ ಹೇಳಿದರು.

“ನಾನು ಕಟ್ಟಿದ್ದನ್ನ ನಾನೇ ಓಡ್ಸಿದ್ರೆ ಏನಮ್ಮ ಗೊತ್ತಾಗತ್ತೆ? ಎಲ್ಲಿ ತಪ್ಪಿದೆ ಅಂತ ನಂಗೆ ಗೊತ್ತು. ಗೊತ್ತಿಲ್ದಂಗೇನೇ ಅಡ್ಜಸ್ಟ್ ಮಾಡ್ಕೊಂಡು ಓಡಿಸ್ತೀನಿ. ಗುರುತಿಲ್ಲದ ಒಬ್ಬ ಕೂತು, ಅವನ ಮನಸ್ಸಿಗೆ ಬಂದಂಗೆ ಓಡ್ಸಿದಾಗ್ಲೂ ಅದು ತಡ್ಕೊಂಡ್ತು ಅಂದ್ರೆ, ಆಗ ನಾನು ಕಾರು ಕಟ್ಟಿದೀನಿ ಅಂತ.”

ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನಂಬಿಕೆ ಬರಲಿಲ್ಲ. ಇದೆಲ್ಲ ಹೇಳಿಕೊಳ್ಳುವುದಕ್ಕೆ ಚೆನ್ನ, ಆಂಟಿ ಬೈದಿದ್ದೇ ನಿಜ ಇರಬೇಕು ಎಂದುಕೊಂಡೆ.

ಮಾರುವುದಕ್ಕೂ ಅವರದೊಂದು ಕ್ರಮವಿತ್ತು. ಲೋಕದಲ್ಲಿ ಎಲ್ಲರೂ ಮಾಲಿನ ಗುಣ ಹೇಳಿ ಮಾರಿದರೆ, ಇವರು ಕಾರಿನ ತಪ್ಪುಗಳನ್ನೆಲ್ಲ ನಂಬರು ಹಾಕಿ ಟೈಪು ಮಾಡಿಸಿ, ಕೊಳ್ಳಲು ಬಂದವರನ್ನು ಕೂರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುತ್ತಿದ್ದರು. ನಾನು ಕಂಡ ಮೊದಲ ಕಾರಿನ ಪಟ್ಟಿಯಲ್ಲಿ ಹದಿನೇಳು ತಪ್ಪುಗಳಿದ್ದವು. ಎಡಬಾಗಿಲು ಗಟ್ಟಿಯಾಗಿ ಎಳೆಯದೆ ಮುಚ್ಚುವುದಿಲ್ಲ. ಪೆಟ್ರೋಲ್ ಮುಳ್ಳು ಖಾಲಿಯಾಗುವ ಮೊದಲೇ ಖಾಲಿ ಎನ್ನುತ್ತದೆ. ಒಂಬತ್ತನೆಯದು, ಸೀಟಿನ ಹಿಂದೆ ತಲೆಯ ಮೇಲೆ ಬಾಗಿರುವ ಉಕ್ಕಿನ ಕೊಳವೆ ತೀರಾ ದಪ್ಪ, ಕಾರಿನ ಅಂದ ಕೆಟ್ಟಿದೆ. ಕಿಟ್ಟಿನ ಜೊತೆ ಬಂದಿದ್ದ ತೆಳು ಕೊಳವೆಯನ್ನು ‘ಶೋಕಿಗೆ ಮಾಡಿದಾರೆ’ ಎಂದು ಮೂಲೆಗೆಸೆದು, ಇವರೇ ದಪ್ಪದ್ದೊಂದನ್ನು ಬಗ್ಗಿಸಿ, ನಾಲ್ಕು ದಿನ ಕೂತು ಬೆಸುಗೆ ಹಾಕಿದ್ದರು. ಹದಿನೇಳನೆಯ ತಪ್ಪು ದೇವರದ್ದು. ಬಣ್ಣ ಹಚ್ಚುವ ಮೊದಲೇ ವಾಹನ ಪೂಜೆ ಆಗಲೇಬೇಕೆಂದು ಕಮಲಾ ಆಂಟಿ ಹಟ ಹಿಡಿದು, ಬಿಳೀ ಮೈಯ ಕಾರನ್ನು ಟ್ರೈಲರಿನ ಮೇಲೆ ಅಟ್ಲಾಂಟದ ದೇವಸ್ಥಾನಕ್ಕೆ ಸಾಗಿಸಿದ್ದರು. ಇದು ಯಾವ ಕಂಪನಿಯದು ಎಂದು ಪುರೋಹಿತರು ಕೇಳಿದರೆ ಇವರು ತಮ್ಮ ಗೋತ್ರ ಹೇಳಿದರು. ಪುರೋಹಿತರು ಧಾರಾಳವಾಗಿ ಅರಿಶಿನ ಕಲಸಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದರು. ಅದು ಬಿಸಿಲಲ್ಲಿ ಒಣಗಿ ಫೈಬರ್‌ಗ್ಲಾಸಿಗೆ ಇಳಿದುಬಿಟ್ಟಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ, ಮೇಲೆ ಕೆನೆ ಬಣ್ಣ ಬಳಿದರೂ ಓರೆಯಾಗಿ ನೋಡಿದರೆ ಹಳದಿ ಕಾಣುತ್ತಿತ್ತು.

ಮೊದಲು ಬಂದವನು ಆರನೆಯ ತಪ್ಪಿಗೇ ಎದ್ದುಹೋದ. ಎರಡನೆಯವನು ಇವರ ಮುಖವನ್ನೇ ಅನುಮಾನದಿಂದ ನೋಡಿದ. ಮೂರನೆಯವರು ಸೌತ್ ಕೆರೊಲೈನಾದ ಗ್ರೀನ್‌ವಿಲ್‌ನಿಂದ ಬಂದ ನಿವೃತ್ತ ಮೇಷ್ಟ್ರು, ಶಾಲೆಯಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಿದ್ದವರು. ಬೆಳ್ಳಗಾದ ತಲೆ, ಕೋಲಿನಂಥ ಮೈ. ಹದಿನೇಳನ್ನೂ ಕೇಳಿಸಿಕೊಂಡು, ಇಷ್ಟೇನಾ ಎಂದರು. ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಕಾರು ಓಡಿಸಿಕೊಂಡು ಹೋದರು. ನಂಜುಂಡಯ್ಯ ಆ ಶಬ್ದ ನಿಲ್ಲುವವರೆಗೂ ರಸ್ತೆಯಲ್ಲೇ ನಿಂತಿದ್ದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ಒಳಗೆ ಹೋಗಿ ಗರಾಜು ಗುಡಿಸಿದರು.

ಅದಾಗಿ ಏಳೆಂಟು ತಿಂಗಳಿಗೆ ಗ್ರೀನ್‌ವಿಲ್‌ನಿಂದ ಫೋನು ಬಂತು. ಮೇಷ್ಟ್ರ ಹೆಂಡತಿ. ಕಾರು ಮಗುಚಿತು, ಅವರು ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೆ ಅಪಾಯವಿಲ್ಲ, ನಿಮಗೆ ತಿಳಿಸಬೇಕು ಅನ್ನಿಸಿತು ಎಂದಷ್ಟೇ ಹೇಳಿ ಇಟ್ಟರು. ಏಕೆ ಮಗುಚಿತು ಎಂದು ಆಕೆ ಹೇಳಲಿಲ್ಲ. ಇವರಿಗೆ ಕೇಳಲು ಬಾಯಿ ಬರಲಿಲ್ಲ.

ಅವತ್ತಿನಿಂದ ನಂಜುಂಡಯ್ಯನವರಿಗೆ ಊಟ ಇಳಿಯಲಿಲ್ಲ. ತಮ್ಮ ಹತ್ತಿರವಿದ್ದ ಪಟ್ಟಿಯ ಪ್ರತಿಯನ್ನು ಮುಂದಿಟ್ಟುಕೊಂಡು, ಹದಿನೇಳರಲ್ಲಿ ಯಾವುದು ಎಂದು ಕೂತರು. ಅದಕ್ಕಿಂತ ಅವರನ್ನು ಕೊರೆದದ್ದು ಪಟ್ಟಿಯಲ್ಲಿ ಇಲ್ಲದ ಹದಿನೆಂಟನೆಯದು, ತಮಗೆ ಗೊತ್ತೇ ಆಗದೆ ಉಳಿದದ್ದು. ಹೋಗಿ ನೋಡಿ ಬರುತ್ತೇನೆ ಎಂದರೆ ಕಮಲಾ ಆಂಟಿ ಬಾಗಿಲಿಗೆ ಅಡ್ಡ ನಿಂತರು. ಡಾಕ್ಟರಾಗಿ ಇಪ್ಪತ್ತು ವರ್ಷದಲ್ಲಿ ಆಕೆ ಈ ದೇಶದಲ್ಲಿ ಕಲಿತ ಮೊದಲ ಪಾಠವೇ ಅದು. “ಹೋಗಿ ಸಾರಿ ಅಂದ್ರೆ ಮುಗೀತು. ಸಾರಿ ಅಂದವರ ಮೇಲೇನೇ ಕೇಸು ಹಾಕೋದು ಇಲ್ಲಿ. ಮನೆ, ನನ್ನ ಪ್ರಾಕ್ಟೀಸು, ಎಲ್ಲಾ ಹೋಗತ್ತೆ” ಎಂದರು. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ನಾನೂ ಆಕೆಯ ಪಕ್ಷವೇ.

ಆಂಟಿ ಒಂದು ವಾರ ತಡೆದರು. ಎಂಟನೆಯ ದಿನ ಬೆಳಿಗ್ಗೆ ಇವರು ಷೂ ಹಾಕಿಕೊಂಡು, “ನನ್ನ ಕೆಲಸದಿಂದ ಒಬ್ಬ ಮನುಷ್ಯ ಬಿದ್ದಿದ್ರೆ ಅದನ್ನ ನಾನು ತಿಳ್ಕೋಬೇಕು ಕಮಲಾ. ಮನೆ ಹೋದ್ರೆ ಹೋಗ್ಲಿ” ಎಂದರು. ದನಿ ಏರಿಸಲಿಲ್ಲ. ಆಂಟಿ ಸೋತು ನನಗೆ ಫೋನ್ ಮಾಡಿದರು. ನೀನೂ ಹೋಗು, ಡ್ರೈವ್ ನೀನೇ ಮಾಡು, ಅವರ ಬಾಯಿಂದ ಸಾರಿ ಅನ್ನೋ ಮಾತು ಬರದ ಹಾಗೆ ನೋಡಿಕೋ ಎಂದರು. ಜೀವಮಾನದಲ್ಲಿ ಇನ್ನೊಬ್ಬರ ಬಾಯಿ ಮುಚ್ಚಿಸುವ ಕೆಲಸ ನನಗೆ ಸಿಕ್ಕಿದ್ದು ಅದೊಂದೇ ಸಲ.

ಎರಡು ಗಂಟೆಯ ದಾರಿಯುದ್ದಕ್ಕೂ ಅವರು ಪಟ್ಟಿಯ ಪ್ರತಿಯನ್ನು ಮತ್ತೆ ಮತ್ತೆ ಓದಿದರು. ಜಖಂ ಆದ ಕಾರುಗಳನ್ನು ಎಳೆತಂದು ಹಾಕುವ ಅಂಗಳ ಹೆದ್ದಾರಿಯ ಪಕ್ಕದಲ್ಲಿತ್ತು. ಬರುತ್ತೇವೆಂದು ಮೊದಲೇ ಫೋನ್ ಮಾಡಿದ್ದರಿಂದ ಮೇಷ್ಟ್ರೂ ಹೆಂಡತಿಯೂ ಬಂದು ಕಾಯುತ್ತಿದ್ದರು. ಮೇಷ್ಟ್ರ ಬಲಗೈಗೆ ಪ್ಲಾಸ್ಟರು, ಹಣೆಯಲ್ಲಿ ಹೊಲಿಗೆ. ನಂಜುಂಡಯ್ಯ ಅವರಿಗೆ ಕೈಮುಗಿದು, ನೇರ ಕಾರಿನ ಹತ್ತಿರ ಹೋದರು. ಗಾಜು ಪುಡಿಯಾಗಿತ್ತು, ಮೈಯೆಲ್ಲ ಒಡೆದು ಕೆಂಪು ಮಣ್ಣು ಮೆತ್ತಿತ್ತು. ಇವರು ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಮಲಗಿ ಟಾರ್ಚು ಹಿಡಿದು ಕೆಳಗೆ ತೂರಿದರು. ಮುಕ್ಕಾಲು ಗಂಟೆ. ಬ್ರೇಕಿನ ಕೊಳವೆ ಇಡಿಯಾಗಿತ್ತು. ಸ್ಟಿಯರಿಂಗಿನ ಗೂಟ ಜಾಗದಲ್ಲೇ ಇತ್ತು. ಚಕ್ರಗಳ ಒಂದೊಂದು ಬೋಲ್ಟನ್ನೂ ಬೆರಳಿಟ್ಟು ಎಣಿಸಿದರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಎಲ್ಲೂ ಏನೂ ತಪ್ಪು ಸಿಗದೆ ಎದ್ದು ಬಂದರು. ಏನಾಯಿತು ಎಂದು ಮೇಷ್ಟ್ರನ್ನು ಕೇಳಿದರು. ಜಿಂಕೆ ಎಂದರು ಮೇಷ್ಟ್ರು. ತಿರುವಿನಲ್ಲಿ ಅಡ್ಡ ಬಂತು, ತಪ್ಪಿಸಲು ಹೋಗಿ ಹಳ್ಳಕ್ಕೆ ಉರುಳಿದೆ, ತಲೆಕೆಳಗಾಗಿ ನೇತಾಡುತ್ತಿದ್ದೆ, ನೆಲ ಮೊಳದ ದೂರದಲ್ಲಿತ್ತು ಎಂದರು. ಆಮೇಲೆ ಎಡಗೈಯಲ್ಲಿ ತಡಕಾಡಿ ಜೇಬಿನಿಂದ ಆ ಪಟ್ಟಿಯನ್ನು ತೆಗೆದು ಬಿಡಿಸಿದರು. ನಂಬರ್ ಒಂಬತ್ತನ್ನು ತೋರಿಸಿ, ನಿಮ್ಮ ಪಟ್ಟಿಯಲ್ಲಿ ತಪ್ಪಿದೆ ಎಂದರು.

ನಾವೆಲ್ಲ ಆ ಕೊಳವೆಯ ಕಡೆ ತಿರುಗಿದೆವು. ಮೇಲಿನ ಬಣ್ಣ ಕೆರೆದುಹೋಗಿ ಹುಲ್ಲು, ಮಣ್ಣು ಹತ್ತಿತ್ತು. ಬಾಗಿರಲಿಲ್ಲ. ಬೆಸುಗೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಇಡೀ ಕಾರಿನ ಭಾರ ಹೊತ್ತು ಅದು ಆ ಮನುಷ್ಯನ ತಲೆ ಕಾದಿತ್ತು. ನಂಜುಂಡಯ್ಯ ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಕಾಗದವನ್ನು ಕಾರಿನ ಮೇಲೇ ಇಟ್ಟು, ಒಂಬತ್ತನೆಯ ಸಾಲನ್ನು ನಿಧಾನವಾಗಿ ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಮೇಷ್ಟ್ರ ಹೆಂಡತಿ ಬಂದು ಇವರ ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಇವರು ನಾಚಿ ಗ್ರೀಸು, ಗ್ರೀಸು ಎನ್ನುತ್ತಿದ್ದರು. ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ. ಅಂಥ ಹೆಮ್ಮೆ ನನ್ನ ಸ್ವಂತದವರ ಬಗ್ಗೆಯೂ ನನಗೆ ಅಷ್ಟು ಸಲೀಸಾಗಿ ಬಂದದ್ದಿಲ್ಲ.

ವಾಪಸು ಬಂದ ಮೇಲೆ ಅವರು ಇನ್ನೊಂದು ಕಾರು ಕಟ್ಟಿ ಮುಗಿಸಿದರು. ಅದಕ್ಕೂ ಪಟ್ಟಿ ಮಾಡಿ, ಓದಿ ಹೇಳಿ, ಶಾರ್ಲೆಟ್ ನಗರದ ಕಡೆಯ ಯಾರಿಗೋ ಮಾರಿದರು. ಮಾರಿದ ಮೂರನೆಯ ವಾರ ಬೆಳಗಿನ ಕಾಫಿ ಕುಡಿಯುತ್ತ ಕೂತಲ್ಲೇ ಹೋಗಿಬಿಟ್ಟರು.

ಹದಿಮೂರನೆಯ ದಿನ ಆ ಮನೆ ತುಂಬ ಜನ. ಗರಾಜಿನ ಬಾಗಿಲು ತೆಗೆದು ಅಲ್ಲೂ ಊಟಕ್ಕೆ ಮಡಚುವ ಮೇಜು, ಕುರ್ಚಿ ಹಾಕಿದ್ದೆವು. ಗುಡಿಸಿದ ನೆಲ, ಖಾಲಿ ಗೋಡೆ. ಕಮ್ಮಿಂಗ್‌ನಿಂದ ಬಂದಿದ್ದವರೊಬ್ಬರು ಸುತ್ತ ನೋಡಿ, ಪಾಪ, ಅಷ್ಟೊಂದು ಕಾರು ಕಟ್ಟಿದರು, ಒಂದನ್ನಾದರೂ ನೆನಪಿಗೆ ಅಂತ ಇಟ್ಟುಕೊಳ್ಳಬಾರದಿತ್ತಾ ಆಂಟಿ ಎಂದರು. ನನಗೆ ರೇಗಿತು, ಏನೋ ಹೇಳಲು ಬಾಯಿ ತೆರೆದೆ.

ಕಮಲಾ ಆಂಟಿ ನನ್ನ ತೋಳು ಮುಟ್ಟಿ ಸುಮ್ಮನಿರಿಸಿದರು. ಕೊನೆಯ ಸಾಲಿನಲ್ಲಿ ಗ್ರೀನ್‌ವಿಲ್ಲಿನ ಮೇಷ್ಟ್ರು ಎಲೆಯ ಮುಂದೆ ಕೂತು, ಅನ್ನ ಸಾರನ್ನು ಕೈಯಲ್ಲಿ ಕಲಸಲು ಕಷ್ಟಪಡುತ್ತಿದ್ದರು.

“ಇಟ್ಟಿದಾರಲ್ಲಪ್ಪ” ಎಂದರು ಆಂಟಿ. “ಅಲ್ಲಿ ಊಟ ಮಾಡ್ತಾ ಇದಾರೆ ನೋಡು.”