ಬ್ರೇಕ್ ನೋಡಿಸದೆ ಒಡೆದ ಕುಂಬಳಕಾಯಿ

ಏ, ಮೇನ್ ರೋಡಲ್ಲಿ ನಿಂತಿರೋರೆ, ಸ್ವಲ್ಪ ಕಿವಿ ಈ ಕಡೆ ಕೊಡಿ! ಆಯುಧಪೂಜೆಗೆ ನಡುರಸ್ತೆಯಲ್ಲಿ ಕುಂಬಳಕಾಯಿ ಒಡೆದು ಹಂಗೇ ಬಿಟ್ಟು ಹೋಗ್ತೀರಲ್ಲ, ನಿಮಗೇ ಹೇಳ್ತಿರೋದು.

ನಮ್ಮ ಸೋದರಮಾವ ಅಂಜನಮೂರ್ತಿ ತುಮಕೂರು–ಸಿ.ಎಸ್. ಪುರ ಪ್ರೈವೇಟ್ ಬಸ್ಸಿನ ಕಂಡಕ್ಟರ್. 2001ರಲ್ಲಿ ಅದೇ ದಾರಿಯ ಕಡಬದ ಹತ್ತಿರ ಆ ಬಸ್ಸು ಮರಕ್ಕೆ ಗುದ್ದಿತು. ಡ್ರೈವರ್ ಯಲ್ಲಯ್ಯನನ್ನು ಮಾವನೇ ಹೊರಗೆಳೆದ. ಒಡೆದ ತಲೆ ಮಾವನ ತೊಡೆಯ ಮೇಲಿತ್ತು. ಆಂಬುಲೆನ್ಸ್ ಬರುವಷ್ಟರಲ್ಲಿ ಜೀವ ಹೋಗಿತ್ತು.

ಆಮೇಲೆ ಹದಿನಾಲ್ಕು ತಿಂಗಳು ಮಾವ ಬಸ್ ಹತ್ತಲಿಲ್ಲ. ಹಾರ್ನ್ ಕೇಳಿದರೆ ಬೆವರು. ಹೋಟೆಲಿನಲ್ಲಿ ಯಾರಾದರೂ ಲೋಟ ಬೀಳಿಸಿದರೆ ಜಗಳ. ಗಾಳಿ ಸೋಕಿದೆ ಎಂದು ಜನ ತಾಯತ ಕಟ್ಟಿಸಿದರು. ಗಾಳಿಯಂತೆ! ತುಮಕೂರಿನ ಒಬ್ಬ ಡಾಕ್ಟರ್ ಮಾತ್ರ, “ಕಂಡಿದ್ದನ್ನು ಮನಸ್ಸು ಮತ್ತೆ ಮತ್ತೆ ತೋರಿಸುತ್ತೆ ಕಣಪ್ಪ. ಆಗ ಕಾಲು ನೆಲಕ್ಕೆ ಒತ್ತು, ಎದುರಿಗೆ ಇರೋದನ್ನ ಗಟ್ಟಿಯಾಗಿ ಹೇಳು” ಎಂದಿದ್ದರು.

2002ರ ಆಯುಧಪೂಜೆಯ ದಿನ ಮಾವ ಕೆಲಸಕ್ಕೆ ಮರಳಿದ. ಅವತ್ತು ಹತ್ತದಿದ್ದರೆ ಬೇರೆಯವನನ್ನು ಹಾಕಿಕೊಳ್ಳುತ್ತೇನೆ ಎಂದು ಓನರ್ ನಾಗಭೂಷಣ್ ಹೇಳಿಯಾಗಿತ್ತು. ತುಮಕೂರು ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿಗೆ ಬಾಳೆಕಂದು, ಚೆಂಡುಹೂ ಕಟ್ಟಿದ್ದರು. ಓನರ್ ಬೂದುಗುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ, ಕರ್ಪೂರ ಹಚ್ಚಿ ಮಾವನ ಮುಂದೆ ಹಿಡಿದ.

“ನೀನೇ ಒಡಿ ಮೂರ್ತಿ. ನಿಂಗೆ ಆಗಿರೋ ದೃಷ್ಟಿ ಇವತ್ತೇ ಬುಟ್ಟೋಗ್ಲಿ.”

“ನನ್ ಕೈಲಾಗಲ್ಲ ಸಾರ್.”

“ಥೂ, ಗಂಡಸಾ ನೀನು? ಕೊಡಿ ಸಾರ್ ಇಲ್ಲಿ!” ಹೊಸ ಡ್ರೈವರ್ ಚಿಕ್ಕಮಾರಯ್ಯ ಕಾಯಿ ಇಸಿದುಕೊಂಡು ಮುಂದಿನ ಚಕ್ರದ ಎದುರು ಅಪ್ಪಳಿಸಿದ.

ಕೆಂಪು ತಿರುಳು ಮಾವನ ಪ್ಯಾಂಟಿಗೆ ಹಾರಿತು. ಮಾವ ಅಲ್ಲೇ ಕುಸಿದ. ಬಸ್ಸಿನೊಳಗೆ ಯಾರೋ ನಕ್ಕರು. ಎದ್ದವನೇ ಚಿಕ್ಕಮಾರಯ್ಯನ ಕಾಲರ್ ಹಿಡಿದ.

“ನಿಂಗೆ ಅದು ಕಾಯಿ. ನಂಗೆ ಯಲ್ಲಣ್ಣನ ತಲೆ ಕಣೋ!”

“ನೋಡಿದ್ರಾ? ಗಾಳಿ ಇನ್ನೂ ಬುಟ್ಟಿಲ್ಲ,” ಎಂದ ಓನರ್.

ಮಾವನನ್ನು ಆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದ ಸ್ಟ್ಯಾಂಡಿನ ಏಜೆಂಟ್ ಅಕ್ರಂ ಪಾಷಾ ಓಡಿಬಂದು ಮಾವನ ಭುಜ ಹಿಡಿದ. “ಮೂರ್ತಿ, ಕಾಲು ಒತ್ತು. ಏನ್ ಕಾಣ್ತೈತೆ? ಹೇಳು.”

“ಬಾಳೆಕಂದು... ಟೀ ಅಂಗ್ಡಿ... ನಿನ್ ಹಲ್ಲು.”

“ಶಾಭಾಸ್! ಒರಿಜಿನಲ್ ಹಲ್ಲು ಕಣೋ, ಕಟ್ಸಿದ್ದಲ್ಲ.”

ಮಾವನ ಉಸಿರು ಹದಕ್ಕೆ ಬಂತು. ಸಿಟ್ಟು ಇಳಿಯಲಿಲ್ಲ. ಯಾಕೆ ಇಳಿಯಬೇಕು?

“ಗಾಳಿ ಅಲ್ಲ ಸಾರ್! ಬ್ರೇಕ್ ಹಿಡೀತಿಲ್ಲ ಅಂತ ಯಲ್ಲಣ್ಣ ನಿಮ್ಗೆ ಎರಡ್ ಸಲ ಹೇಳ್ದ. ‘ಪೂಜೆ ಮಾಡ್ಸೀವಿ, ಹೋಗಯ್ಯ’ ಅಂದ್ರಿ. ಇವತ್ತು ಈ ಗಾಡಿ ಬ್ರೇಕ್ ನೋಡ್ಸಿದೀರಾ?”

ಓನರ್ ಬಸ್ಸಿನ ಚೆಂಡುಹೂ ಸರಿ ಮಾಡತೊಡಗಿದ. ಮುಂದಿನ ಸೀಟಿನಲ್ಲಿದ್ದ ಹನುಮಕ್ಕ ಎಂಬ ಅಜ್ಜಿ ಚೀಲ ಎತ್ತಿಕೊಂಡು ಇಳಿದೇಬಿಟ್ಟಳು. “ನೋಡ್ಸೋಗಂಟ ನಾನ್ ಹತ್ತಾಕಿಲ್ಲ ಕಣಪ್ಪ!” ಅವಳ ಹಿಂದೆ ಬಸ್ಸು ಪೂರ್ತಿ ಖಾಲಿಯಾಯಿತು. ಓನರ್ ಹಲ್ಲು ಕಡಿಯುತ್ತಾ ಮೆಕ್ಯಾನಿಕ್‌ಗೆ ಹೇಳಿಕಳಿಸಿದ.

ಅಷ್ಟರಲ್ಲಿ ಮಾವ ಟೀ ಅಂಗಡಿಯ ಪೊರಕೆ ತಂದು ಆ ಹೋಳುಗಳನ್ನೆಲ್ಲ ಗುಡಿಸಿದ. ಬ್ರೇಕ್ ಸರಿಯಾದ ಮೇಲೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹತ್ತಿದ. ಕಡಬ ಬಂದಾಗ ಕಂಬಿ ಹಿಡಿದು ಕಣ್ಣು ಮುಚ್ಚಿಕೊಂಡನಂತೆ. ನಗುವವರು ನಗಲಿ, ಸಿ.ಎಸ್. ಪುರದ ತನಕ ಟಿಕೆಟ್ ಹರಿದವನು ಅವನೇ.

ಸಂಜೆ ಗುಬ್ಬಿಯ ಮನೆಗೆ ಬಂದು, ಮುದ್ದೆ ಉಂಡು, ಅತ್ತೆಗೆ ಹೇಳಿದ: “ಶಶಿ, ನಾಳೆ ಅರ್ಧ ಗಂಟೆ ಮುಂಚೆ ಎಬ್ಸು. ಬ್ರೇಕ್ ನೋಡ್ದೆ ಆ ಗಾಡಿ ಹೊರಡಾಕೆ ಬಿಡಲ್ಲ.”

ಹಾಗೆಂದವನೇ ಗೋಡೆ ಕಡೆ ತಿರುಗಿ ಮಲಗಿದ.