ನೆಟ್ಟಗೆ ಮಾಡಿದ ಸೂಜಿ

ತೊಂಬತ್ತರ ದಶಕದಲ್ಲಿ ನಾನು ಶಿರಸಿಯ ಪತ್ರಿಕೆಯೊಂದಕ್ಕೆ ವರದಿಗಾರನಾಗಿದ್ದೆ. ಸಿದ್ದಾಪುರದ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ಇಂಜೆಕ್ಷನ್ ಕೊಡುವಾಗ ಎಮ್ಮೆಯ ಕುತ್ತಿಗೆಯಲ್ಲೇ ಸೂಜಿ ಮುರಿದಿದೆ ಎಂದು ತಿಳಿದು ಬಸ್ಸು ಹತ್ತಿದೆ. ನಾನು ತಲುಪುವಷ್ಟರಲ್ಲಿ ವೈದ್ಯರು ತುಂಡನ್ನು ಕೊಯ್ದು ತೆಗೆದಿದ್ದರು.

“ಈ ಕಂಪೌಂಡರನ ಕೆಲಸ ತೆಗೆಸ್ದೇ ಆನು ಬಿಡ್ತ್ನಿಲ್ಲೆ!” ಎಂದು ಎಮ್ಮೆಯ ಯಜಮಾನರು ಕೂಗುತ್ತಿದ್ದರು. ಇಂಜೆಕ್ಷನ್ ಕೊಟ್ಟಿದ್ದ ಕಂಪೌಂಡರ್ ಗೋಡೆಗೆ ಒರಗಿ ನಿಂತಿದ್ದ.

ವೈದ್ಯರು ಕುದಿಸಿಟ್ಟ ಸೂಜಿಗಳನ್ನೆಲ್ಲ ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಇಕ್ಕಳದಲ್ಲಿ ಹಿಡಿದು ಬಗ್ಗಿಸಿದರು. ಹೊಸವು ಬಾಗಿದವು. ಹಿಂದೊಮ್ಮೆ ಬಾಗಿ, ನೆಟ್ಟಗೆ ಮಾಡಿಸಿಕೊಂಡು, ಸಾಣೆಕಲ್ಲು ಕಂಡಿದ್ದ ಮೂರು ಹಳೆಯ ಸೂಜಿಗಳು ಪಟ್ಟನೆ ಮುರಿದವು.

“ನೆಟ್ಟಗೆ ಮಾಡಿ ಬಳಸು ಅಂತ ಇವಂಗೆ ಹೇಳಿದವ ನಾನು. ತೆಗೆಸೋದಾದ್ರೆ ನನ್ನ ಕೆಲಸ ತೆಗೆಸಿ, ಮಾರಾಯ್ರೆ” ಎಂದರು ವೈದ್ಯರು.

“ನಿಮ್ದು ತೆಗೆಸಿರೆ ಈ ಎಮ್ಮೆ ನೋಡದು ಯಾರು?” ಎಂದು ಯಜಮಾನರು ಗೊಣಗಿದರು.

ವೈದ್ಯರು ಮೇಲಧಿಕಾರಿಗೆ ಬರೆದ ವರದಿಯಲ್ಲೂ ಅದೇ ಮಾತಿತ್ತು. ತಮ್ಮ ವಿರುದ್ಧವೇ ಇಷ್ಟು ಅಚ್ಚುಕಟ್ಟಾಗಿ ತನಿಖೆ ಮಾಡಿದ ಅಧಿಕಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಸ್ಪತ್ರೆಗೆ ಬರುವಾಗ ಬಸ್ಸಿನಲ್ಲೇ ನಾನು ‘ಕಂಪೌಂಡರನ ನಿರ್ಲಕ್ಷ್ಯ’ ಎಂದು ತಲೆಬರಹ ಬರೆದುಕೊಂಡಿದ್ದೆ. ಅದನ್ನು ಆಸ್ಪತ್ರೆಯಲ್ಲೇ ಹೊಡೆದುಹಾಕಿದೆ. ಕಂಪೌಂಡರ್ ಕೆಲಸದಲ್ಲಿ ಉಳಿದ.