ಪಟ್ಟಿಯಲ್ಲಿದ್ದ ಒಬ್ಬಳೇ ಅಕ್ಕ

ನಮ್ಮ ಹೆಡ್‌ಕ್ಲಾರ್ಕರ ಮೇಲ್ದುಟಿ ಹುಟ್ಟುವಾಗಲೇ ಮೂಗಿನವರೆಗೆ ಸೀಳಿತ್ತು. ಎಂಟನೆಯ ವಯಸ್ಸಿನಲ್ಲಿ ಯಾವುದೋ ಆಸ್ಪತ್ರೆಯಲ್ಲಿ ಅದನ್ನು ಹೊಲಿದಿದ್ದರಂತೆ, ಗೋಣಿಚೀಲದ ಬಾಯಿ ಹೊಲಿದ ಹಾಗೆ. ಮೀಸೆ ಬಿಟ್ಟರೂ ಆ ಗೆರೆಯ ಮೇಲೆ ಮಾತ್ರ ಕೂದಲು ಬರುತ್ತಿರಲಿಲ್ಲ. 'ಪ' ಅನ್ನುವಾಗ ಅರ್ಧ ಗಾಳಿ ಮೂಗಿನಿಂದ ಹೊರಟುಹೋಗುತ್ತಿತ್ತು. 'ಪುಣೆ' ಅನ್ನಲು ಅವರು ಪಡುವ ಪಾಡು ನೋಡಿ, ಈ ಮನುಷ್ಯ ಬೇರೆ ಊರಿನಲ್ಲಾದರೂ ನೌಕರಿ ಹುಡುಕಬಾರದಿತ್ತೇ ಎಂದು ನಾನು ಮೊದಲ ವಾರ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಅದು ತೊಂಬತ್ತರ ದಶಕದ ಮಾತು. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಕಲಬುರಗಿ ಬಿಟ್ಟು ಪುಣೆಯ ಅಂಚಿನ ನಿಗಡಿಯಲ್ಲಿ ಒಂದೇ ಕೋಣೆಯ ಮನೆಗೆ ಬಂದಿದ್ದೆವು. ಅಲ್ಲೇ ಹತ್ತಿರದ ಭೋಸರಿಯಲ್ಲಿ ಗೇರ್ ತಯಾರಿಸುವ ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಕೆಲಸಗಾರರಲ್ಲಿ ಅರ್ಧ ಜನ ನಮ್ಮ ಕಡೆಯವರೇ. ಹೆಡ್‌ಕ್ಲಾರ್ಕರು ಜಮಖಂಡಿ ಕಡೆಯವರು. ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ವಿಧವೆ ಅಕ್ಕನ ಜೊತೆ ಇದ್ದರು. ಇವರನ್ನು ಹೆತ್ತ ದಿನವೇ ತಾಯಿ ಸತ್ತರಂತೆ. ಸೀಳುದುಟಿಯ ಕೂಸಿಗೆ ಯಾರ ಎದೆಯನ್ನೂ ಚೀಪಲು ಬರುತ್ತಿರಲಿಲ್ಲ. ಹನ್ನೆರಡು ವರ್ಷದ ಅಕ್ಕ ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಗಂಟಲಿಗೆ ಹಿಂಡಿ ಹಿಂಡಿ ಬದುಕಿಸಿದಳು. "ದೀಪಕ್ಕ ಎಣ್ಣಿ, ನನಗ ಹಾಲು, ಎರಡೂ ಬತ್ತೀಲೇ ಹೋದ್ವು ನೋಡವ್ವಾ," ಎಂದು ಅವರೇ ನಗಾಡುತ್ತಿದ್ದರು. ಅವರು ಮದುವೆಯಾಗಲಿಲ್ಲ.

ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಿರಲಿಲ್ಲ. ಒಂದು ಕಾಗುಣಿತ ತಪ್ಪಿದರೆ ಇಡೀ ಹಾಳೆಯನ್ನು ಮತ್ತೆ ಬರೆಸುತ್ತಿದ್ದರು. ಯಾವ ಕಾಗದ ಬಂದರೂ ಕೊನೆಯ ಪುಟದಿಂದ ಓದುತ್ತಿದ್ದರು. ಏಕೆಂದು ಕೇಳಿದರೆ, "ಮದಲ ಎಲ್ಲಾರೂ ಛಲೋನ ಬರೀತಾರ. ಕಡೀಕ ಏನ ಬರದಾರ ಅನ್ನೋದು ನೋಡಬೇಕು," ಅನ್ನುತ್ತಿದ್ದರು.

ನಾನು ಸೇರಿದ ವರ್ಷವೇ ರಾಜ್ಯ ಸರ್ಕಾರ ಹೊಸ ಕಾಯಿದೆಯ ಕರಡು ಹೊರಡಿಸಿತು. ಸಣ್ಣ ಕಾರ್ಖಾನೆಗಳ ಕೆಲಸಗಾರರ ಕುಟುಂಬಕ್ಕೆಲ್ಲ ಆರೋಗ್ಯ ವಿಮೆ. ಆಸ್ಪತ್ರೆಯ ಚಿಂತೆ ಇನ್ನು ಸರ್ಕಾರದ್ದು, ಮಾಲೀಕರದ್ದು. ವಿಧಾನಸಭೆ ಒಪ್ಪಿದ ಮರುದಿನವೇ ಶುರು ಮಾಡುತ್ತೇವೆಂದು ಕುಟುಂಬಗಳ ಪಟ್ಟಿಯನ್ನು ಮುಂಚೆಯೇ ಕೇಳಿದ್ದರು. ಹೆಡ್‌ಕ್ಲಾರ್ಕರು ಹಿಂದಿನಿಂದ ಓದುತ್ತಾ ಬಂದವರು ಎರಡನೆಯ ಪುಟದಲ್ಲಿ ನಿಂತುಬಿಟ್ಟರು. ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು, ಅವಲಂಬಿತ ತಂದೆತಾಯಿ ಎಂದಿತ್ತು. ಅಕ್ಕ ಇರಲಿಲ್ಲ. ಅವರ ಅಕ್ಕನಿಗೆ ಹೃದಯದ ಕವಾಟ ಕೆಟ್ಟಿತ್ತು. ಕೊಡ ಎತ್ತಿದರೆ ತುಟಿ ನೀಲಿಯಾಗುತ್ತಿತ್ತು. ಆಪರೇಶನ್ ಆಗಲೇಬೇಕು ಎಂದು ಡಾಕ್ಟರು ಹೇಳಿದ್ದರು.

"ಕರಡು ಅಂದ್ರ ತಿದ್ದ್ಲಿಕ್ಕೇ ಬಿಟ್ಟದ್ದಲ್ಲೇನು?" ಎಂದರು. ವಿಧವೆ ಅಕ್ಕತಂಗಿಯರನ್ನೂ ಸೇರಿಸಬೇಕೆಂದು ಮರಾಠಿಯಲ್ಲಿ ಒಂದು ಅರ್ಜಿ ಬರೆದರು. ಪಟ್ಟಿಯೂ ಮರಾಠಿಯಲ್ಲೇ; ಅದರಲ್ಲಿ ಮೊದಲ ಸಾಲು ಅವರದೇ. ಅಕ್ಕನ ಹೆಸರು ಬರೆದು, ಸಂಬಂಧದ ಜಾಗದಲ್ಲಿ 'ತಾಈ' ಎಂದು ತಾವೇ ಬರೆದರು. ಮರಾಠಿಯವರು ತಮ್ಮ ಹಾಳೆಯನ್ನು ತಾವೇ ತುಂಬಿಕೊಟ್ಟಿದ್ದರು; ನಮ್ಮ ಕಡೆಯವರದನ್ನು ತುಂಬಲು ನನಗೆ ಕೊಟ್ಟರು.

ನನ್ನ ಮರಾಠಿ ಆಗ ಆರು ತಿಂಗಳ ಕೂಸು. ಬಸ್ಸಿನ ಕಂಡಕ್ಟರ್ ನನ್ನನ್ನು 'ತಾಈ' ಎಂದು ಕರೆದಾಗಲೆಲ್ಲ, ನಮ್ಮೂರಲ್ಲಿ ಹೆಣ್ಣುಮಕ್ಕಳನ್ನು 'ಬಾ ತಾಯಿ' ಅನ್ನುವಂತೆಯೇ ಇದೂ ಎಂದು ಹಿಗ್ಗುತ್ತಿದ್ದೆ. ಹೆಡ್‌ಕ್ಲಾರ್ಕರ ಸಾಲು ನೋಡಿ, ಸಾಕಿದ ಅಕ್ಕನನ್ನೇ ತಾಯಿ ಎಂದು ಬರೆದಿದ್ದಾರೆ, ಭಲೇ ಎಂದುಕೊಂಡೆ. ನನ್ನ ಅಮ್ಮನೂ ಸೇರಿ ನಮ್ಮ ಕಡೆಯ ಹದಿನಾರು ಜನರ ತಾಯಂದಿರ ಮುಂದೆ ದುಂಡಗೆ 'ತಾಈ' ಎಂದು ಬರೆದೆ. ಹೆಡ್‌ಕ್ಲಾರ್ಕರು ಅಂದು ಅಕ್ಕನನ್ನು ಡಾಕ್ಟರ ಬಳಿ ಕರೆದೊಯ್ಯಬೇಕಿತ್ತು. ಮೊದಲ ಸಲ, ನನ್ನ ಬರಹವನ್ನು ನೋಡದೆಯೇ ಕಳಿಸಿದರು.

ಹದಿನೇಳು ಹೆಸರುಗಳ ಮೇಲೂ ಕೆಂಪು ಗೆರೆ ಬಿದ್ದು ಪಟ್ಟಿ ವಾಪಸು ಬಂತು. ಮರಾಠಿಯಲ್ಲಿ ತಾಯಿಗೆ 'ಆಈ' ಅನ್ನುತ್ತಾರೆ. 'ತಾಈ' ಎಂದರೆ ಅಕ್ಕ. ಅಕ್ಕಂದಿರಿಗೆ ವಿಮೆ ಇಲ್ಲ. ನಾನು ಅಳುತ್ತಾ ಕುಳಿತೆ. ಅವರು ಬೈಯಲಿಲ್ಲ. "ಏಳು, ಮಾರಿ ತೊಳ್ಕೊ. ಸಾಹೇಬರ ಕಡೆ ಹೋಗಿ ಬರೋಣು," ಎಂದರು.

ಕಾರ್ಮಿಕ ಇಲಾಖೆಯ ಆ ಅಧಿಕಾರಿ ಕೆಟ್ಟವನೇನಲ್ಲ. "ಚೂಕ ಮಾಝೀ ಆಹೆ, ಮುಲೀಚೀ ನಾಹೀ," ಹುಡುಗಿಯದಲ್ಲ, ತಪ್ಪು ನನ್ನದು ಎಂದು ಇವರು ಆ ಮೂಗುದನಿಯಲ್ಲಿ ಹೇಳಿ, ಕನ್ನಡದ 'ತಾಯಿ'ಯನ್ನು ವಿವರಿಸಿದಾಗ ಬಿದ್ದು ಬಿದ್ದು ನಕ್ಕ. ಕೆಳಗಿನಿಂದ ಒಂದೊಂದೇ ಹೆಸರಿಗೆ ತಿದ್ದುಪಡಿ ಹಾಕಿ ಮೊಹರು ಒತ್ತುತ್ತಾ ಬಂದ. ಮೊದಲ ಸಾಲಿಗೆ ಬಂದಾಗ ತಲೆ ಎತ್ತದೆಯೇ ಕೇಳಿದ:

"ಹೀ ಪಣ ಆಈಚ ನಾ?" ಇದೂ ತಾಯಿಯೇ ತಾನೆ?

ಸುಮ್ಮನಿದ್ದರೆ ಸಾಕಿತ್ತು. ನಾನು ಮೇಜಿನ ಕೆಳಗೆ ಅವರ ಕಾಲು ತುಳಿದೆ.

"ನಾಹೀ ಸಾಹೇಬ," ಎಂದರು. "ಹೀ ತಾಈಚ."

ಬಸ್ಸಿನಲ್ಲಿ ನಾನು ಅವರನ್ನು ಜಾಡಿಸಿಬಿಟ್ಟೆ. ಹಾಲು ಹಿಂಡಿ ಸಾಕಿದವಳು ತಾಯಿಯಲ್ಲವೇನ್ರೀ, ಅದರಲ್ಲಿ ಸುಳ್ಳು ಎಲ್ಲಿದೆ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. "ಹದಿನಾರು ಮಂದೀದು ಖರೇ ಅದ ಅಂತ ಹೇಳ್ಲಿಕ್ಕೆ ಹೋಗಿದ್ದೆ. ನಂದೊಂದು ಸುಳ್ಳು ಸೇರಿಸಿ, ನಾಳೆ ಯಾರರೆ ಕೆದಕಿ ತೆಗದ್ರ, ಎಲ್ಲಾರ ಅವ್ವಂದಿರೂ ಹೋಗ್ತಾರ. ಅರ್ಜಿ ಕೊಟ್ಟೀನಲ್ಲ, ಕಾಯಿದೆ ಆಗೂದ್ರಾಗ ತಿದ್ದತಾರ ತಗೋ."

ಏನು ತಿದ್ದುತ್ತಾರೆ? ಅಧಿವೇಶನದ ಮೇಲೆ ಅಧಿವೇಶನ ಕಳೆಯಿತು. ಪ್ರತಿ ಸಲವೂ ಅವರು ಅರ್ಜಿ ಕಳಿಸಿದರು. ಪ್ರತಿ ಸಲವೂ 'ವಿಚಾರಾಧೀನ' ಎಂಬ ಒಂದೇ ಪದದ ಉತ್ತರ. ಸರ್ಕಾರ ಬದಲಾಯಿತು, ಕರಡು ಯಾವ ಕಪಾಟಿಗೆ ಹೋಯಿತೋ ಯಾರೂ ಹೇಳಲಿಲ್ಲ. ಸದನದ ಮುಂದೆ ಕೂಡ ಬರಲಿಲ್ಲ. ಆದರೆ ನಮ್ಮ ಮಾಲೀಕರಿಗೆ ಒಂದು ಒಳ್ಳೆಯ ಬುದ್ಧಿ ಬಂತು. ಹೇಗೂ ಸರ್ಕಾರಿ ಮೊಹರಿನ ಪಟ್ಟಿ ಸಿದ್ಧವಿದೆ ಎಂದು ಅದನ್ನೇ ಒಂದು ವಿಮಾ ಕಂಪನಿಗೆ ಕೊಟ್ಟು ಎಲ್ಲರಿಗೂ ಪಾಲಿಸಿ ಮಾಡಿಸಿದರು. ಪಟ್ಟಿಯಲ್ಲಿ ಮೊಹರು ಬಿದ್ದವರಿಗೆ ಮಾತ್ರ.

ಮರುವರ್ಷ ನನ್ನ ಅಮ್ಮನ ಎದೆಗೂ ನೋವು ಬಂತು. ವಿಮೆಯ ಹಣದಲ್ಲಿ, ಒಳ್ಳೆಯ ಆಸ್ಪತ್ರೆಯಲ್ಲಿ, ಒಳ್ಳೆಯ ಡಾಕ್ಟರಿಂದ ಆಪರೇಶನ್ ಆಯಿತು. ಹತ್ತನೆಯ ದಿನ ಅಮ್ಮ ನಡೆದುಕೊಂಡು ಮನೆಗೆ ಬಂದಳು. ಹೆಡ್‌ಕ್ಲಾರ್ಕರ ಅಕ್ಕ ಸರ್ಕಾರಿ ಆಸ್ಪತ್ರೆಯ ಸರದಿಯಲ್ಲಿದ್ದರು. ಸರದಿ ಬರುವ ಮುಂಚೆಯೇ, ಒಂದು ಮಧ್ಯಾಹ್ನ, ಅಕ್ಕಿ ಆರಿಸುತ್ತಾ ಕುಳಿತಲ್ಲೇ ಹೋಗಿಬಿಟ್ಟರು.

ಮಾತಾಡಿಸಲು ಹೋದಾಗ ಹೆಡ್‌ಕ್ಲಾರ್ಕರು ಗೋಡೆಗೆ ಒರಗಿ ಕುಳಿತಿದ್ದರು. ಏನಾದರೂ ಸಮಾಧಾನದ ಮಾತು ಹೇಳುತ್ತಾರೆ, ನಾನೂ ಹಗುರಾಗುತ್ತೇನೆ ಎಂಬ ಆಸೆ ನನಗಿತ್ತು. ಅವರು ನನ್ನನ್ನು ನೋಡಿ ಹೇಳಿದ್ದಿಷ್ಟೇ: "ಅವತ್ತ ನಾ ಸುಮ್ಮನಿರಬೇಕಿತ್ತವ್ವಾ. ಭಾಳ ಶಾಣ್ಯಾ ಆಗ್ಲಿಕ್ಕೆ ಹೋದೆ."

ಮೂಲೆಯಲ್ಲಿದ್ದ ಮೊರದ ಅಕ್ಕಿಯನ್ನು ಡಬ್ಬಿಗೆ ಸುರಿದು ನಾನು ಎದ್ದು ಬಂದೆ. 

ಆಮೇಲೆ ಅವರು ಆಫೀಸಿಗೆ ಬರುತ್ತಿದ್ದರು, ಹೋಗುತ್ತಿದ್ದರು. ನನ್ನ ತಪ್ಪುಗಳನ್ನು ತಿದ್ದುವುದನ್ನು ಬಿಟ್ಟುಬಿಟ್ಟರು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಕ್ಕೆ, ನಿವೃತ್ತರಾಗುವ ಮುಂಚೆಯೇ ತೀರಿಕೊಂಡರು. ಸುದ್ದಿ ಕೇಳಿದೊಡನೆ ಅಮ್ಮ ಸೀರೆ ಬದಲಿಸಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. "ನನ್ನ ಜೀವ ಉಳಿಸಿದ ಪುಣ್ಯಾತ್ಮ, ಕಡೀ ಮುಖ ನೋಡಬೇಕು, ನಡಿ," ಎಂದಳು.

ನಾನು ಬೇಡವೆಂದೆ. ಅಮ್ಮ ಅತ್ತಳು, ಶಪಿಸಿದಳು, ಕೃತಘ್ನೆ ಅಂದಳು. ಆದರೂ ಒಳಗೆ ಕೂರಿಸಿ ಒಬ್ಬಳೇ ಹೋದೆ. ಆ ಮನುಷ್ಯ ಸತ್ತು ಮಲಗಿದ್ದರೂ ಸರಿ, ಅವರ ಎದುರಿಗೆ ಜೀವಂತವಾಗಿರುವ ನನ್ನ ತಾಯಿಯನ್ನು ಕರೆದುಕೊಂಡು ಹೋಗಿ ನಿಲ್ಲಿಸುವ ಧೈರ್ಯ ನನಗಾಗಲಿಲ್ಲ.